ಎರಡೂ ಬರೆಯಿರಿ, ಇಲ್ಲವೇ ಎರಡನ್ನೂ ಬಿಡಿ

ವೆಬ್ ಅಪ್ಲಿಕೇಶನ್ ಬರೆಯುವ ಕೆಲಸವನ್ನು ಈಗಷ್ಟೇ ಕೈಗೆತ್ತಿಕೊಂಡಿರುವ ನಿಮಗೆ ಒಂದು ಕಿವಿಮಾತು. ನೀವು ಚುರುಕಾಗಿದ್ದೀರಿ, ಕಲಿಯುವ ಆಸೆಯಿದೆ, ನಿದ್ದೆಗೆಟ್ಟಾದರೂ ಹಿಡಿದ ಕೆಲಸ ಮುಗಿಸುತ್ತೀರಿ. ಎಲ್ಲ ಒಳ್ಳೆಯದೇ. ಆದರೆ ಬಟನ್ ಒತ್ತಿ, ಪರದೆಯ ಮೇಲೆ ‘ಸೇವ್ ಆಯಿತು’ ಎಂದು ಕಂಡ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಿಡುತ್ತೀರಲ್ಲ, ಆ ಅಭ್ಯಾಸ ಬಿಡಬೇಕು. ಆ ಒಂದು ಬಟನ್ನಿನ ಹಿಂದೆ ಎರಡು ಟೇಬಲ್‌ಗಳಿಗೆ ಬರೆಯುವುದಿದ್ದರೆ, ಮೊದಲನೆಯದನ್ನು ಬರೆದು ಎರಡನೆಯದನ್ನು ಬರೆಯುವಷ್ಟರಲ್ಲಿ ಏನಾದರೂ ಆದರೆ ಗತಿಯೇನು ಎಂದು ಕೇಳಿಕೊಂಡಿದ್ದೀರಾ? ಕೇಳಿಕೊಂಡಿಲ್ಲವಾದರೆ ಈಗ ಸ್ವಲ್ಪ ಕೂತು ಕೇಳಿ.

ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನೀವು ಅಪ್ಲಿಕೇಶನ್ ಮಾಡಿಕೊಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಡೇರಿಯಲ್ಲಿ ಹಾಲು ಹಾಕುವ ಸದಸ್ಯರು ಅಲ್ಲಿಂದಲೇ ಪಶು ಆಹಾರ ಒಯ್ಯುತ್ತಾರೆ. ಹಣ ಆಗಲೇ ಕೊಡುವುದಿಲ್ಲ, ಹಾಲಿನ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ. ನಿಮ್ಮ ಡೇಟಾಬೇಸಿನಲ್ಲಿ ಇದಕ್ಕೆ ಎರಡು ಟೇಬಲ್ ಇವೆ. ಒಂದು ‘ದಾಸ್ತಾನು’: ಸಾಮಾನಿನ ಸಂಖ್ಯೆ, ಹೆಸರು, ಉಳಿದ ಚೀಲಗಳು. ಇನ್ನೊಂದು ‘ಮಾರಾಟ’: ಸದಸ್ಯರ ಸಂಖ್ಯೆ, ಸಾಮಾನಿನ ಸಂಖ್ಯೆ, ಒಯ್ದ ಚೀಲಗಳು, ಬಟವಾಡೆಯಲ್ಲಿ ಮುರಿಯಬೇಕಾದ ಹಣ. 117ನೇ ಸದಸ್ಯರು 2 ಚೀಲ ಒಯ್ದರೆ ದಾಸ್ತಾನು 40ರಿಂದ 38ಕ್ಕೆ ಇಳಿಯಬೇಕು, ಮಾರಾಟದಲ್ಲಿ ಹೊಸದೊಂದು ಸಾಲು ಸೇರಬೇಕು. ಕೌಂಟರಿನಲ್ಲಿ ಕೂತವರಿಗೆ ಇದು ಒಂದೇ ಕೆಲಸ. ಡೇಟಾಬೇಸಿಗೆ ಮಾತ್ರ ನೀವು ಹೇಳದಿದ್ದರೆ ಇವು ಸಂಬಂಧವಿಲ್ಲದ ಎರಡು ಕೆಲಸ.

ನಡುವೆ ಏನು ತಾನೇ ಆಗುತ್ತದೆ ಎನ್ನಬೇಡಿ. ಕರೆಂಟು ಹೋಗಬಹುದು. ಸರ್ವರ್ ಪ್ರೋಗ್ರಾಮನ್ನು ಯಾರೋ ಅದೇ ಗಳಿಗೆಯಲ್ಲಿ ರೀಸ್ಟಾರ್ಟ್ ಮಾಡಬಹುದು. ಡೇಟಾಬೇಸಿನ ಸಂಪರ್ಕ ಕಡಿದುಹೋಗಬಹುದು. ಎರಡನೇ ಕ್ವೆರಿಯಲ್ಲಿ ಒಂದು ಕಾಲಂ ಖಾಲಿ ಉಳಿದು ಡೇಟಾಬೇಸ್ ಅದನ್ನು ತಿರಸ್ಕರಿಸಬಹುದು. ಆಗ ದಾಸ್ತಾನು 38ಕ್ಕೆ ಇಳಿದಿರುತ್ತದೆ, ಮಾರಾಟದ ಸಾಲು ಇರುವುದೇ ಇಲ್ಲ. ಬಟವಾಡೆ ದಿನ ಆ 2 ಚೀಲದ ಹಣ ಯಾರ ಲೆಕ್ಕದಲ್ಲೂ ಮುರಿಯುವುದಿಲ್ಲ. ವರ್ಷದ ಕೊನೆಗೆ ಆಡಿಟ್‌ನವರು ಬಂದಾಗ ಕಾರ್ಯದರ್ಶಿಗಳು ಕೈಯಿಂದ ಹಣ ಕಟ್ಟಬೇಕಾಗುತ್ತದೆ. ಬರೆಯುವ ಕ್ರಮ ತಿರುಗುಮುರುಗಾಗಿದ್ದರೆ ಮಾರಾಟದ ಸಾಲು ಇರುತ್ತದೆ, ದಾಸ್ತಾನು ಇಳಿದಿರುವುದಿಲ್ಲ. ಗೋದಾಮಿನಲ್ಲಿ ಇಲ್ಲದ ಚೀಲಗಳನ್ನು ಪರದೆ ತೋರಿಸುತ್ತಲೇ ಇರುತ್ತದೆ. ಎಡವಿದ್ದು ನಿಮ್ಮ ಕೋಡು, ಮಾತು ಕೇಳುವವರು ಕಾರ್ಯದರ್ಶಿಗಳು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಆದ್ದರಿಂದ ಮೊದಲನೇ ಮಾತು: ಎರಡೂ ಬರವಣಿಗೆಗಳನ್ನು ಒಂದೇ ಟ್ರಾನ್ಸಾಕ್ಷನ್ ಒಳಗೆ ಇಡಿ. ಬಿಗಿನ್ ಎಂದು ಶುರುಮಾಡಿ, ಎರಡೂ ಕ್ವೆರಿ ನಡೆಸಿ, ಎರಡೂ ಸರಿಯಾಗಿ ಆದರೆ ಕಮಿಟ್ ಮಾಡಿ, ಒಂದು ತಪ್ಪಿದರೂ ರೋಲ್‌ಬ್ಯಾಕ್ ಮಾಡಿ. ಇಷ್ಟು ಮಾಡಿದರೆ ಕರೆಂಟು ನಡುವೆಯೇ ಹೋದರೂ ಭಯವಿಲ್ಲ. ಡೇಟಾಬೇಸ್ ತಾನು ಮಾಡುವ ಬದಲಾವಣೆಗಳನ್ನು ಲಾಗ್ ಕಡತದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮತ್ತೆ ಎದ್ದಾಗ ಕಮಿಟ್ ಆದದ್ದನ್ನು ಉಳಿಸಿಕೊಳ್ಳುತ್ತದೆ, ಅರ್ಧಕ್ಕೆ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಎಡ್ಗರ್ ಕಾಡ್ ಅವರು ಟೇಬಲ್‌ಗಳ ರೂಪದ ಡೇಟಾಬೇಸಿನ ಕಲ್ಪನೆಯನ್ನು ಮುಂದಿಟ್ಟದ್ದು 1970ರಲ್ಲಿ. ಟ್ರಾನ್ಸಾಕ್ಷನ್ ಹೇಗಿರಬೇಕು ಎಂಬುದನ್ನು ಜಿಮ್ ಗ್ರೇ ಅವರು 1981ರ ಪ್ರಬಂಧದಲ್ಲಿ ಬಿಡಿಸಿ ಹೇಳಿದರು. ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬರಲು ಈ ಕೆಲಸವೂ ಒಂದು ಮುಖ್ಯ ಕಾರಣ. ಥಿಯೋ ಹಾರ್ಡರ್ ಮತ್ತು ಆಂಡ್ರಿಯಾಸ್ ರಾಯ್ಟರ್ 1983ರಲ್ಲಿ ಇದರ ನಾಲ್ಕು ಗುಣಗಳನ್ನು ‘ಆಸಿಡ್’ ಎಂಬ ಒಂದೇ ಹೆಸರಿನಡಿ ತಂದರು. ಇಷ್ಟು ವರ್ಷಗಳಿಂದ ಸಿದ್ಧವಾಗಿರುವ ಸೌಲಭ್ಯವನ್ನು ಬಳಸದೆ ಬಿಡುವುದು ಬರೀ ಸೋಮಾರಿತನ.

ಇದನ್ನು ನೀವಾಗಿಯೇ ಕೇಳಿ ಪಡೆಯಬೇಕು ಎಂಬುದು ನೆನಪಿರಲಿ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ, ನೀವು ಬಿಗಿನ್ ಅನ್ನದಿದ್ದರೆ, ಪ್ರತಿ ಕ್ವೆರಿಯೂ ತನ್ನಷ್ಟಕ್ಕೆ ಕಮಿಟ್ ಆಗಿಬಿಡುತ್ತದೆ. ಎರಡು ಕ್ವೆರಿಗಳನ್ನು ಒಂದೇ ಫಂಕ್ಷನ್ನಿನಲ್ಲಿ ಒಂದರ ಕೆಳಗೊಂದು ಬರೆದ ಮಾತ್ರಕ್ಕೆ ಅವು ಒಂದಾಗುವುದಿಲ್ಲ. ಪಿಎಚ್‌ಪಿಯ ಪಿಡಿಒ ಬಳಸುವವರು ಬಿಗಿನ್‌ಟ್ರಾನ್ಸಾಕ್ಷನ್ ಕರೆಯಬೇಕು. ಲಾರಾವೆಲ್‌ನಲ್ಲಿ ಡಿಬಿ ಟ್ರಾನ್ಸಾಕ್ಷನ್ ಒಳಗೆ ಎರಡನ್ನೂ ಇಡಬೇಕು. ಜಾಂಗೋದಲ್ಲಿ 1.6ನೇ ಆವೃತ್ತಿಯಿಂದ ಅಟಾಮಿಕ್ ಎಂಬ ಸೌಲಭ್ಯವಿದೆ. ರೈಲ್ಸ್‌ನಲ್ಲಿ ಟ್ರಾನ್ಸಾಕ್ಷನ್ ಬ್ಲಾಕ್ ಇದೆ. ಯಾವುದರಲ್ಲೇ ಕೆಲಸ ಮಾಡಿ, ನಾಲ್ಕೈದು ಸಾಲಿನ ಮಾತು. ಅದನ್ನು ಬರೆಯಲು ಬೇಸರಪಡಬೇಡಿ.

ಎರಡನೇ ಮಾತು: ಎರಡೂ ಕ್ವೆರಿ ಒಂದೇ ಸಂಪರ್ಕದಲ್ಲಿ ಓಡುತ್ತಿವೆಯೇ ನೋಡಿಕೊಳ್ಳಿ. ಟ್ರಾನ್ಸಾಕ್ಷನ್ ಎಂಬುದು ಡೇಟಾಬೇಸಿನ ಒಂದು ಸಂಪರ್ಕಕ್ಕೆ ಕಟ್ಟಿಕೊಂಡಿರುತ್ತದೆ. ನೋಡ್‌ಜೆಎಸ್‌ನಲ್ಲಿ ಪೋಸ್ಟ್‌ಗ್ರೆಸ್ ಬಳಸುವ ಹುಡುಗರು ಇಲ್ಲಿ ಪದೇ ಪದೇ ಎಡವುತ್ತಾರೆ. ಬಿಗಿನ್ ಅನ್ನು, ತೆರೆದಿಟ್ಟ ಸಂಪರ್ಕಗಳ ಗುಂಪಾದ ಪೂಲ್‌ಗೆ ಕಳಿಸುತ್ತಾರೆ, ಮುಂದಿನ ಕ್ವೆರಿಯನ್ನೂ ಪೂಲ್‌ಗೇ ಕಳಿಸುತ್ತಾರೆ. ಪೂಲ್ ಒಂದೊಂದು ಕ್ವೆರಿಗೆ ಒಂದೊಂದು ಸಂಪರ್ಕ ಕೊಟ್ಟರೆ ಬಿಗಿನ್ ಒಂದು ಕಡೆ, ಬರವಣಿಗೆ ಇನ್ನೊಂದು ಕಡೆ, ಕಮಿಟ್ ಮತ್ತೊಂದು ಕಡೆ ಆಗುತ್ತದೆ. ಒಬ್ಬರೇ ಕೂತು ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಡೇರಿಯಲ್ಲಿ ಜನ ಸೇರಿದಾಗ ಬಣ್ಣ ಬಯಲಾಗುತ್ತದೆ. ಪೂಲ್‌ನಿಂದ ಒಂದು ಕ್ಲೈಂಟನ್ನು ಕೈಗೆ ತೆಗೆದುಕೊಂಡು, ಎಲ್ಲವನ್ನೂ ಅದರ ಮೇಲೆ ನಡೆಸಿ, ಕೊನೆಗೆ ಮರೆಯದೆ ಹಿಂತಿರುಗಿಸಿ.

ಹಾಗೆಯೇ ನಿಮ್ಮ ಟೇಬಲ್ ಯಾವ ಎಂಜಿನ್ನಿನ ಮೇಲಿದೆ ಎಂದೂ ನೋಡಿ. ಮೈಎಸ್‌ಕ್ಯೂಎಲ್ 2010ರ 5.5ನೇ ಆವೃತ್ತಿಯಿಂದ ಇನ್ನೋಡಿಬಿಯನ್ನೇ ತಾನಾಗಿ ಬಳಸುತ್ತದೆ. ಆದರೆ ಹಳೆಯ ಸಾಫ್ಟ್‌ವೇರಿನಿಂದ ಬಂದ ಟೇಬಲ್‌ಗಳು ಇನ್ನೂ ಮೈಐಸ್ಯಾಮ್ ಮೇಲೆ ಇರಬಹುದು. ಅದಕ್ಕೆ ಟ್ರಾನ್ಸಾಕ್ಷನ್ ಗೊತ್ತಿಲ್ಲ, ಫಾರಿನ್ ಕೀ ಕೂಡ ಗೊತ್ತಿಲ್ಲ. ನೀವು ರೋಲ್‌ಬ್ಯಾಕ್ ಎಂದರೂ ಬರೆದದ್ದು ಅಳಿಯುವುದಿಲ್ಲ. ಇನ್ನೊಂದು ವಿಷಯ: ಮೈಎಸ್‌ಕ್ಯೂಎಲ್‌ನಲ್ಲಿ ಟ್ರಾನ್ಸಾಕ್ಷನ್ ನಡುವೆ ಟೇಬಲ್ ರಚನೆ ಬದಲಿಸುವ ಆಲ್ಟರ್‌ನಂಥ ಆಜ್ಞೆ ಕೊಟ್ಟರೆ ಅಲ್ಲಿಯವರೆಗಿನದು ನಿಮ್ಮನ್ನು ಕೇಳದೆಯೇ ಕಮಿಟ್ ಆಗುತ್ತದೆ. ಅಂಥದ್ದನ್ನು ನಡುವೆ ತರಬೇಡಿ.

ಮೂರನೇ ಮಾತು, ಇದನ್ನು ಸ್ವಲ್ಪ ಗದರಿಯೇ ಹೇಳಬೇಕು. ಎರರ್ ಬಂದರೆ ನುಂಗಬೇಡಿ. ಟ್ರೈ, ಕ್ಯಾಚ್ ಬರೆದು ಕ್ಯಾಚ್ ಒಳಗೆ ಏನೂ ಮಾಡದೆ ಬಿಡುವ ಚಾಳಿ ಎಷ್ಟು ಜನರಿಗಿದೆ! ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗದೇ?’ ಎನ್ನುತ್ತಾರೆ. ಎರಡನೇ ಕ್ವೆರಿ ಸೋತದ್ದನ್ನು ನೀವು ಮುಚ್ಚಿಟ್ಟರೆ ಮೈಎಸ್‌ಕ್ಯೂಎಲ್‌ನಲ್ಲಿ ಮುಂದಿನ ಸಾಲಿನಲ್ಲಿರುವ ಕಮಿಟ್ ಮೊದಲನೆಯದನ್ನು ಮಾತ್ರ ಉಳಿಸಿಬಿಡುತ್ತದೆ. ಟ್ರಾನ್ಸಾಕ್ಷನ್ ಇದ್ದೂ ಇಲ್ಲದಂತಾಯಿತು. ಎರರ್ ಬಂದರೆ ಮೊದಲು ರೋಲ್‌ಬ್ಯಾಕ್, ಆಮೇಲೆ ಲಾಗ್‌ನಲ್ಲಿ ಬರೆಯುವುದು, ಆಮೇಲೆ ಕೌಂಟರಿನಲ್ಲಿರುವವರಿಗೆ ‘ಮಾರಾಟ ದಾಖಲಾಗಿಲ್ಲ, ಮತ್ತೊಮ್ಮೆ ಮಾಡಿ’ ಎಂದು ಸ್ಪಷ್ಟವಾಗಿ ಹೇಳುವುದು. ಈ ಕ್ರಮ ತಪ್ಪಬೇಡಿ.

ನಿಮ್ಮ ಫ್ರೇಮ್‌ವರ್ಕಿನ ಸ್ವಭಾವವನ್ನೂ ತಿಳಿದುಕೊಂಡಿರಿ. ರೈಲ್ಸ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆಯಿಲ್ಲದ ಸೇವ್ ಬರೆದರೆ, ವ್ಯಾಲಿಡೇಶನ್ ತಪ್ಪಿದಾಗ ಅದು ಫಾಲ್ಸ್ ಎಂದು ಹೇಳಿ ಸುಮ್ಮನಾಗುತ್ತದೆ, ರೋಲ್‌ಬ್ಯಾಕ್ ಆಗುವುದಿಲ್ಲ. ಟ್ರಾನ್ಸಾಕ್ಷನ್ ಒಳಗೆ ಚಿಹ್ನೆಯಿರುವ ಸೇವ್ ಅನ್ನೇ ಬಳಸಿ. ಜಾವಾದ ಸ್ಪ್ರಿಂಗ್‌ನಲ್ಲಿ ಟ್ರಾನ್ಸಾಕ್ಷನಲ್ ಎಂದು ತಲೆಯ ಮೇಲೆ ಬರೆದಿದ್ದರೂ, ನೀವು ಬೇರೆ ಹೇಳದಿದ್ದರೆ, ಚೆಕ್ಡ್ ಎಕ್ಸೆಪ್ಷನ್ ಬಂದಾಗ ಅದು ಕಮಿಟ್ ಮಾಡಿಬಿಡುತ್ತದೆ. ಅದೇ ಕ್ಲಾಸಿನ ಒಂದು ಮೆಥಡ್ ಇನ್ನೊಂದನ್ನು ನೇರವಾಗಿ ಕರೆದರೂ ಆ ಗುರುತು ಕೆಲಸಕ್ಕೆ ಬರುವುದಿಲ್ಲ. ಪಿಎಚ್‌ಪಿ 8.0ಕ್ಕಿಂತ ಹಳೆಯದಾಗಿದ್ದರೆ ಪಿಡಿಒ ಎರರ್ ಬಂದರೂ ಬಾಯಿ ಬಿಡುವುದಿಲ್ಲ, ಎಕ್ಸೆಪ್ಷನ್ ಎಸೆಯಬೇಕೆಂದು ನೀವೇ ಹೇಳಿಡಬೇಕು. ಜಾಂಗೋದಲ್ಲಿ ಅಟಾಮಿಕ್ ಬ್ಲಾಕಿನ ಒಳಗೇ ಎಕ್ಸೆಪ್ಷನ್ ಹಿಡಿಯಬೇಡಿ, ಹೊರಗೆ ಹಿಡಿಯಿರಿ. ಹಿಡಿಯುವುದು ತಪ್ಪಲ್ಲ, ಹಿಡಿಯುವ ಜಾಗ ಸರಿಯಿರಬೇಕು.

ನಾಲ್ಕನೇ ಮಾತು ಇಬ್ಬರು ಒಟ್ಟಿಗೆ ಬಂದಾಗಿನದು. ಡೇರಿಯಲ್ಲಿ ಎರಡು ಕೌಂಟರ್, ಗೋದಾಮಿನಲ್ಲಿ ಉಳಿದದ್ದು 3 ಚೀಲ. ಮೊದಲ ಕೌಂಟರಿನವರು 2 ಚೀಲ ಕೇಳುತ್ತಾರೆ. ನಿಮ್ಮ ಕೋಡು ದಾಸ್ತಾನು ಓದುತ್ತದೆ: 3 ಇದೆ, ಕೊಡಬಹುದು. ಅದೇ ಹೊತ್ತಿಗೆ ಎರಡನೇ ಕೌಂಟರಿನವರೂ 2 ಕೇಳುತ್ತಾರೆ. ಕೋಡು ಅವರಿಗೂ ಓದುತ್ತದೆ: 3 ಇದೆ, ಕೊಡಬಹುದು. ಇಬ್ಬರಿಗೂ 3ರಿಂದ 2 ಕಳೆದು 1 ಎಂದು ಬರೆಯುತ್ತದೆ. ಮಾರಾಟದಲ್ಲಿ 4 ಚೀಲ ಹೋಗಿದೆ, ದಾಸ್ತಾನಿನಲ್ಲಿ ಇನ್ನೂ 1 ಉಳಿದಿದೆ! ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ತಾನಾಗಿ ಕೊಡುವ ಮಟ್ಟದ ಟ್ರಾನ್ಸಾಕ್ಷನ್ ಹಾಕಿದ್ದೀರಿ ಎಂಬುದೊಂದೇ ಇದನ್ನು ತಡೆಯುವುದಿಲ್ಲ.

ಹಾಗಾಗಿ ಓದಿ, ಕೋಡಿನಲ್ಲಿ ಕಳೆದು, ಉತ್ತರವನ್ನು ಬರೆಯುವ ಪದ್ಧತಿ ಬಿಡಿ. ಕಳೆಯುವ ಕೆಲಸವನ್ನು ಡೇಟಾಬೇಸಿಗೇ ಒಪ್ಪಿಸಿ. ‘ಈ ಸಾಮಾನಿನ ಚೀಲಗಳಲ್ಲಿ 2 ಕಳೆ, ಆದರೆ ಉಳಿದದ್ದು 2 ಅಥವಾ ಹೆಚ್ಚು ಇದ್ದರೆ ಮಾತ್ರ’ ಎಂದು ಒಂದೇ ಅಪ್‌ಡೇಟ್‌ನಲ್ಲಿ, ವೇರ್ ಷರತ್ತಿನೊಂದಿಗೆ ಬರೆಯಿರಿ. ಎಷ್ಟು ಸಾಲು ಬದಲಾಯಿತು ಎಂದು ಡೇಟಾಬೇಸ್ ಹೇಳುತ್ತದೆ, ಅದನ್ನು ತಪ್ಪದೆ ನೋಡಿ. 1 ಎಂದರೆ ಮುಂದುವರಿಯಿರಿ. 0 ಎಂದರೆ ಸಾಕಷ್ಟು ಚೀಲ ಇಲ್ಲ. ರೋಲ್‌ಬ್ಯಾಕ್ ಮಾಡಿ, ಹಾಗೆಂದು ತಿಳಿಸಿ. ಅಪ್‌ಡೇಟ್ ಎರರ್ ಕೊಡಲಿಲ್ಲವೆಂದು ಅದು ಆಯಿತೆಂದೇ ತಿಳಿಯಬೇಡಿ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಮಾತು ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಓದಿ ನೋಡಿಯೇ ತೀರ್ಮಾನಿಸಬೇಕಾದ ಸಂದರ್ಭವಿದ್ದರೆ ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಬಳಸಿ ಆ ಸಾಲಿಗೆ ಲಾಕ್ ಹಾಕಿಕೊಂಡು ಓದಿ.

ಬರೆಯುವ ಕ್ರಮವೂ ಮುಖ್ಯ. ಮೊದಲು ದಾಸ್ತಾನು ಇಳಿಸಿ, ಆಮೇಲೆ ಮಾರಾಟದ ಸಾಲು ಸೇರಿಸಿ. ಚೀಲ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಬಹುದು, ಅದು ಒಂದು ಲಾಭ. ಇನ್ನೊಂದು ಲಾಭ ಒಳಗಿನದು. ಮಾರಾಟದಿಂದ ದಾಸ್ತಾನಿಗೆ ಫಾರಿನ್ ಕೀ ಇದ್ದರೆ, ಇನ್ನೋಡಿಬಿಯು ಮಾರಾಟದ ಸಾಲು ಸೇರಿಸುವಾಗ ದಾಸ್ತಾನಿನ ಆ ಸಾಲಿಗೆ ಹಂಚಿಕೊಳ್ಳಬಹುದಾದ ಲಾಕ್ ಹಾಕುತ್ತದೆ. ಎರಡು ಕೌಂಟರಿನವರೂ ಮಾರಾಟವನ್ನೇ ಮೊದಲು ಬರೆದರೆ ಇಬ್ಬರ ಕೈಯಲ್ಲೂ ಅಂಥ ಲಾಕ್ ಇರುತ್ತದೆ. ಆಮೇಲೆ ಇಬ್ಬರೂ ಅದೇ ಸಾಲನ್ನು ಬದಲಿಸಲು ಹೋಗಿ, ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತ ನಿಲ್ಲುತ್ತಾರೆ. ಇದೇ ಡೆಡ್‌ಲಾಕ್.

ಒಂದೇ ಮಾರಾಟದಲ್ಲಿ ಎರಡು ಸಾಮಾನಿದ್ದಾಗಲೂ ಹೀಗಾಗುತ್ತದೆ. ಒಂದು ಕೌಂಟರಿನಲ್ಲಿ ಪಶು ಆಹಾರ ಮೊದಲು, ಖನಿಜ ಮಿಶ್ರಣ ಆಮೇಲೆ. ಇನ್ನೊಂದರಲ್ಲಿ ಖನಿಜ ಮಿಶ್ರಣ ಮೊದಲು, ಪಶು ಆಹಾರ ಆಮೇಲೆ. ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂದರೆ ಗಾಡಿ ಮುಂದೆ ಹೋಗುವುದು ಹೇಗೆ? ಸಾಮಾನಿನ ಸಂಖ್ಯೆಯ ಏರಿಕೆಯ ಕ್ರಮದಲ್ಲೇ ಯಾವಾಗಲೂ ಬರೆಯುತ್ತೇನೆ ಎಂದು ನಿಯಮ ಮಾಡಿಕೊಳ್ಳಿ. ಇಷ್ಟಾದರೂ ಅಪರೂಪಕ್ಕೆ ಡೆಡ್‌ಲಾಕ್ ಬಂದೀತು. ಮೈಎಸ್‌ಕ್ಯೂಎಲ್ ಆಗ 1213 ಎಂಬ ಎರರ್ ಕೊಟ್ಟು ಒಂದು ಕಡೆಯ ಟ್ರಾನ್ಸಾಕ್ಷನ್ನನ್ನು ಪೂರ್ತಿ ರದ್ದು ಮಾಡುತ್ತದೆ. ಗಾಬರಿ ಬೇಡ. ಮೊದಲಿನಿಂದ ಎರಡು ಮೂರು ಬಾರಿ ಪ್ರಯತ್ನಿಸುವಂತೆ ಕೋಡು ಬರೆದಿಡಿ. ಆದರೆ 1205 ಎಂಬ ಎರರ್ ಬೇರೆ. ಅದು ಲಾಕ್‌ಗಾಗಿ ಕಾದು ಸಾಕಾದಾಗ ಬರುವಂಥದ್ದು, ಸಾಮಾನ್ಯವಾಗಿ 50 ಸೆಕೆಂಡಿನ ನಂತರ. ಆಗ ಆ ಒಂದು ಕ್ವೆರಿ ಮಾತ್ರ ರದ್ದಾಗಿ ಹಿಂದಿನದು ಹಾಗೇ ಉಳಿದಿರುತ್ತದೆ. ಅಲ್ಲಿ ರೋಲ್‌ಬ್ಯಾಕ್ ಮಾಡುವ ಹೊಣೆ ನಿಮ್ಮದೇ.

ಐದನೇ ಮಾತು: ಟ್ರಾನ್ಸಾಕ್ಷನ್ ಒಳಗೆ ಹೊರಗಿನ ಕೆಲಸ ತುರುಕಬೇಡಿ. ಸದಸ್ಯರ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುವುದು, ರಸೀದಿ ಪ್ರಿಂಟ್ ಮಾಡುವುದು, ಬೇರೆ ಸರ್ವರಿಗೆ ಸುದ್ದಿ ಕಳಿಸುವುದು, ಎಲ್ಲ ಕಮಿಟ್ ಆದ ಮೇಲೆ. ‘2 ಚೀಲದ ಹಣ ಮುರಿಯಲಾಗುವುದು’ ಎಂಬ ಎಸ್ಸೆಮ್ಮೆಸ್ ಹೋದ ಮೇಲೆ ರೋಲ್‌ಬ್ಯಾಕ್ ಆದರೆ ಅದನ್ನು ವಾಪಸು ಕರೆಯುವವರು ಯಾರು? ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.’ ಜಾಂಗೋದಲ್ಲಿ ಆನ್ ಕಮಿಟ್, ರೈಲ್ಸ್‌ನಲ್ಲಿ ಆಫ್ಟರ್ ಕಮಿಟ್ ಇರುವುದು ಇದಕ್ಕೇ. ಎಸ್ಸೆಮ್ಮೆಸ್ ತಪ್ಪಿಹೋಗಲೇಬಾರದು ಎನ್ನುವುದಿದ್ದರೆ, ‘ಕಳಿಸಬೇಕಾದ ಸಂದೇಶ’ ಎಂಬ ಟೇಬಲ್ ಇಟ್ಟು, ಅದೇ ಟ್ರಾನ್ಸಾಕ್ಷನ್‌ನಲ್ಲಿ ಅಲ್ಲೊಂದು ಸಾಲು ಬರೆಯಿರಿ. ಆಮೇಲೆ ಬೇರೆ ಪ್ರೋಗ್ರಾಮ್ ಅದನ್ನು ನೋಡಿ ಕಳಿಸಲಿ. ಬಳಕೆದಾರರ ಉತ್ತರಕ್ಕಾಗಿ ಟ್ರಾನ್ಸಾಕ್ಷನ್ ತೆರೆದಿಟ್ಟು ಕಾಯುವುದಂತೂ ಬೇಡವೇ ಬೇಡ. ಅವರು ಚಹಾಕ್ಕೆ ಎದ್ದು ಹೋದರೆ ಇನ್ನೊಂದು ಕೌಂಟರಿನವರು ಲಾಕ್ ಬಿಡುವವರೆಗೆ ಕಾದಿರಬೇಕಾಗುತ್ತದೆ.

ಬಟನ್ ಎರಡು ಸಲ ಒತ್ತುವವರನ್ನೂ ಮರೆಯಬೇಡಿ. ನೆಟ್ ನಿಧಾನವಿದ್ದರೆ ಯಾರಾದರೂ ಮತ್ತೆ ಒತ್ತುತ್ತಾರೆ, ಅವರನ್ನು ಬೈಯಬೇಡಿ. ಫಾರಂ ತೆರೆದಾಗಲೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಟ್ಟು, ಮಾರಾಟದ ಟೇಬಲ್‌ನಲ್ಲಿ ಆ ಕಾಲಂಗೆ ಯೂನಿಕ್ ನಿಯಮ ಹಾಕಿ. ಎರಡನೇ ಸಲ ಅದೇ ಸಂಖ್ಯೆ ಬಂದರೆ ಡೇಟಾಬೇಸೇ ನಿಲ್ಲಿಸುತ್ತದೆ, ಟ್ರಾನ್ಸಾಕ್ಷನ್ ಇರುವುದರಿಂದ ದಾಸ್ತಾನೂ ಎರಡು ಸಲ ಇಳಿಯುವುದಿಲ್ಲ. ಬಟನ್ನನ್ನು ಮಸುಕು ಮಾಡುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ.

ಕಾವಲಿನ ಕೆಲಸವನ್ನು ಡೇಟಾಬೇಸಿಗೂ ಹಂಚಿ. ಫಾರಿನ್ ಕೀ ಹಾಕಿ, ಇಲ್ಲದ ಸಾಮಾನಿನ ಹೆಸರಲ್ಲಿ ಮಾರಾಟ ಸೇರದಿರಲಿ. ಚೀಲಗಳ ಸಂಖ್ಯೆ ಸೊನ್ನೆಗಿಂತ ಕೆಳಗೆ ಇಳಿಯಬಾರದು ಎಂಬ ಚೆಕ್ ನಿಯಮ ಹಾಕಿ. ಮೈಎಸ್‌ಕ್ಯೂಎಲ್ ಈ ನಿಯಮವನ್ನು ನಿಜವಾಗಿ ಪಾಲಿಸತೊಡಗಿದ್ದು 8.0.16ನೇ ಆವೃತ್ತಿಯಿಂದ; ಅದಕ್ಕೂ ಮುಂಚಿನದು ಬರೆದದ್ದನ್ನು ಓದಿ ಸುಮ್ಮನೆ ಬಿಟ್ಟುಬಿಡುತ್ತಿತ್ತು. ಎಸ್‌ಕ್ಯೂಲೈಟ್ ಬಳಸುವವರು ಫಾರಿನ್ ಕೀ ನಿಯಮವನ್ನು ಪ್ರತಿ ಸಂಪರ್ಕದಲ್ಲೂ ತಾವೇ ಚಾಲೂ ಮಾಡಬೇಕು. ಮುಂದೆ ಮಾರಾಟವನ್ನೇ ರಸೀದಿಗೊಂದು, ಸಾಮಾನುಗಳಿಗೊಂದು ಎಂದು ಎರಡು ಟೇಬಲ್ ಮಾಡಿದರೆ, ಹೊಸ ರಸೀದಿಯ ಸಂಖ್ಯೆಗಾಗಿ ‘ಅತಿ ದೊಡ್ಡ ಐಡಿ ಯಾವುದು’ ಎಂದು ಕೇಳಬೇಡಿ. ಅಷ್ಟರಲ್ಲಿ ಪಕ್ಕದ ಕೌಂಟರಿನ ರಸೀದಿ ಬಂದು ಕೂತಿರಬಹುದು. ಮೈಎಸ್‌ಕ್ಯೂಎಲ್‌ನ ಲಾಸ್ಟ್ ಇನ್ಸರ್ಟ್ ಐಡಿ ನಿಮ್ಮ ಸಂಪರ್ಕದ್ದನ್ನೇ ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ರಿಟರ್ನಿಂಗ್ ಇದೆ.

ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಉಳಿದ ಚೀಲಗಳ ಸಂಖ್ಯೆಯನ್ನು ಬೇರೆಯಾಗಿ ಬರೆದಿಡುವುದು ನಿಜವಾಗಿ ಬೇಕೇ ಎಂದೂ ಯೋಚಿಸಿ. ಬಂದ ಚೀಲಗಳ ಮೊತ್ತದಲ್ಲಿ ಹೋದ ಚೀಲಗಳ ಮೊತ್ತ ಕಳೆದರೆ ಉಳಿದದ್ದು ಸಿಗುತ್ತದೆ. ಸಣ್ಣ ಸಂಘಕ್ಕೆ ಪರದೆಯಲ್ಲಿ ತೋರಿಸಲು ಅಷ್ಟು ಸಾಕಾಗಬಹುದು. ಚೀಲ ಮುಗಿದ ಮೇಲೂ ಮಾರಾಟ ಆಗದಂತೆ ತಡೆಯಬೇಕಾದರೆ ಮಾತ್ರ ದಾಸ್ತಾನಿನ ಸಾಲು ಬೇಕೇ ಬೇಕು. ಹಾಗೆ ಎರಡು ಕಡೆ ಬರೆದಿಡುವುದಾದರೆ ದಿನಕ್ಕೊಮ್ಮೆ ಎರಡನ್ನೂ ತಾಳೆ ನೋಡುವ ಒಂದು ಕ್ವೆರಿ ಇಡಿ. ವ್ಯತ್ಯಾಸ ಅಂದೇ ತಿಳಿದರೆ ಹುಡುಕುವುದು ಸುಲಭ. ವರ್ಷ ಕಳೆದ ಮೇಲೆ ತಿಳಿದರೆ ಆ 2 ಚೀಲ ಯಾವ ದಿನದ್ದೆಂದು ಯಾರಿಗೆ ನೆನಪಿರುತ್ತದೆ?

ಕೊನೆಯದಾಗಿ, ಪರೀಕ್ಷೆ ಮಾಡುವಾಗ ಎಲ್ಲ ಸರಿಹೋಗುವ ದಾರಿಯನ್ನಷ್ಟೇ ತುಳಿಯಬೇಡಿ. ಎರಡು ಕ್ವೆರಿಗಳ ನಡುವೆ ಬೇಕೆಂದೇ ಒಂದು ಎಕ್ಸೆಪ್ಷನ್ ಎಸೆದು ನೋಡಿ. ದಾಸ್ತಾನು 40ರಲ್ಲೇ ಇದೆಯೇ? ಮಾರಾಟದಲ್ಲಿ ಸಾಲು ಸೇರಿಲ್ಲವೇ? ಎರಡು ಕಿಟಕಿ ತೆರೆದು ಒಟ್ಟಿಗೆ ಒತ್ತಿ ನೋಡಿ. ನಡುವೆ ಸರ್ವರನ್ನು ನಿಲ್ಲಿಸಿ ನೋಡಿ. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬಂತೆ, ಸಂಘದ ಲೆಕ್ಕ ಕೆಟ್ಟ ಮೇಲೆ ಟ್ರಾನ್ಸಾಕ್ಷನ್ ಸೇರಿಸಿದರೆ ಆಗಿಹೋದದ್ದು ಸರಿಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದೆನೆಂದು ಹೆದರಬೇಡಿ. ಮೊದಲೆರಡು ಸಲ ಲಕ್ಷ್ಯ ಕೊಟ್ಟು ಮಾಡಿದರೆ ಆಮೇಲೆ ಕೈಗೆ ತಾನಾಗಿ ಬರುತ್ತದೆ. ಇವತ್ತೇ ನಿಮ್ಮ ಕೋಡನ್ನು ತೆರೆಯಿರಿ. ಒಂದೇ ಬಟನ್ನಿಗೆ ಎರಡು ಟೇಬಲ್ ಬದಲಾಗುವ ಜಾಗಗಳನ್ನೆಲ್ಲ ಹುಡುಕಿ, ಅಲ್ಲಿ ಬಿಗಿನ್ ಮತ್ತು ಕಮಿಟ್ ಇದೆಯೇ, ಎರರ್ ಬಂದರೆ ರೋಲ್‌ಬ್ಯಾಕ್ ಆಗುತ್ತದೆಯೇ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿ, ಹೊಸ ಫೀಚರ್ ನಾಳೆ ಬರೆಯಬಹುದು. ನಿಮ್ಮ ಕೋಡನ್ನು ನಂಬಿ ಬಟವಾಡೆ ತೆಗೆದುಕೊಳ್ಳುವವರು ಅದನ್ನು ಓದಲಾರರು. ಅವರ ಪರವಾಗಿ ಓದಿ ನೋಡಬೇಕಾದವರು ನೀವೇ.